ಬಸ್ಸಿನೊಳಗೆ ಟಿ.ವಿ. ಇತ್ತು: ಮನಿಲಾ ಒತ್ತೆಯಾಳು ಪ್ರಕರಣದ ಅಧ್ಯಯನ

ಈ ಪ್ರಕರಣ ಗೊತ್ತಿರುವವರಿಗೆ ಮೊದಲು ನೆನಪಾಗುವುದು ಸುತ್ತಿಗೆ. ಕತ್ತಲಾಗಿದೆ. ಹೆಲ್ಮೆಟ್ ಹಾಕಿದ ಪೊಲೀಸರೊಬ್ಬರು ಉದ್ದ ಹಿಡಿಯ ದೊಡ್ಡ ಸುತ್ತಿಗೆ ಎತ್ತಿ ಟೂರಿಸ್ಟ್ ಬಸ್ಸಿನ ಗಾಜಿಗೆ ಬಡಿಯುತ್ತಾರೆ. ಗಾಜು ಬಿರುಕು ಬಿಡುತ್ತದೆ, ಉದುರುವುದಿಲ್ಲ. ಮತ್ತೆ ಬಡಿಯುತ್ತಾರೆ. ಬಾಗಿಲಿಗೆ ಹಗ್ಗ ಕಟ್ಟಿ ಎಳೆದರೆ ಹಗ್ಗವೇ ಕಿತ್ತುಹೋಗುತ್ತದೆ. ಒಳಗೆ ಬಂದೂಕು ಹಿಡಿದವನಿದ್ದಾನೆ, ಜನ ಇದ್ದಾರೆ. ಇದಿಷ್ಟನ್ನೂ ಇಡೀ ಜಗತ್ತು ಟಿ.ವಿ.ಯಲ್ಲಿ ನೇರವಾಗಿ ನೋಡಿತು.

ಆಮೇಲೆ ಎಲ್ಲರೂ ಒಂದೇ ಮಾತು ಹೇಳಿದರು: ಪೊಲೀಸರಿಗೆ ಸಲಕರಣೆ ಇರಲಿಲ್ಲ, ತರಬೇತಿ ಇರಲಿಲ್ಲ. ಅದು ನಿಜವೇ. ಆದರೆ ಸುತ್ತಿಗೆ ಕೈಗೆ ಬಂದದ್ದು ರಾತ್ರಿ. ಕೆಲಸ ಕೆಡಲು ಶುರುವಾದದ್ದು ಅದಕ್ಕೂ ಮುಂಚೆ, ಸಂಜೆಯೇ. ನನಗೆ ಈ ಪ್ರಕರಣದಲ್ಲಿ ಜಾಸ್ತಿ ಕಾಡುವುದು ಆ ಸಂಜೆ.

ಇಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ಊರು, ತಾರೀಖು, ಹುದ್ದೆ ಇಷ್ಟೇ ಇವೆ. ಬಂದೂಕು ಹಿಡಿದವನನ್ನು 'ಆತ' ಅಂತಲೇ ಕರೆಯುತ್ತೇನೆ.

ಹಿನ್ನೆಲೆ

2010ರ ಆಗಸ್ಟ್ 23, ಸೋಮವಾರ. ಫಿಲಿಪ್ಪೀನ್ಸ್‌ನ ರಾಜಧಾನಿ ಮನಿಲಾ. ಹಾಂಗ್‌ಕಾಂಗ್‌ನಿಂದ ಬಂದ ಪ್ರವಾಸಿಗರ ಬಸ್ಸು ಬೆಳಿಗ್ಗೆ ಹಳೆಯ ಸ್ಪ್ಯಾನಿಷ್ ಕೋಟೆ ಫೋರ್ಟ್ ಸ್ಯಾಂಟಿಯಾಗೊ ಹತ್ತಿರ ನಿಂತಿತ್ತು. ಅಲ್ಲಿ ಆತ ಹತ್ತಿದ. ಕೈಯಲ್ಲಿ ಎಂ-16 ರೈಫಲ್. ಬಸ್ಸಿನಲ್ಲಿ ಒಟ್ಟು 25 ಜನ: ಟೂರ್ ಗೈಡ್ ಸೇರಿ ಹಾಂಗ್‌ಕಾಂಗ್‌ನವರು 21, ಡ್ರೈವರ್ ಸೇರಿ ಸ್ಥಳೀಯರು 4.

ಆತ ಕಳ್ಳನೂ ಅಲ್ಲ, ಉಗ್ರನೂ ಅಲ್ಲ. ಅದೇ ಊರಿನ ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು, ವಯಸ್ಸು 55. 1986ರಲ್ಲಿ ದೇಶದ ಹತ್ತು ಅತ್ಯುತ್ತಮ ಪೊಲೀಸರಲ್ಲಿ ಒಬ್ಬ ಅಂತ ಪ್ರಶಸ್ತಿ ಪಡೆದಿದ್ದ. ಸುಲಿಗೆ ಆರೋಪದ ಮೇಲೆ ಓಂಬುಡ್ಸ್‌ಮನ್ ಕಚೇರಿ (ನಮ್ಮ ಲೋಕಾಯುಕ್ತದ ಥರ ಅಂದುಕೊಳ್ಳಿ) ಆತನನ್ನು ಕೆಲಸದಿಂದ ತೆಗೆದಿತ್ತು. ಆತನ ಬೇಡಿಕೆ ಒಂದೇ: ನನ್ನ ಕೆಲಸ ನನಗೆ ವಾಪಸ್ ಕೊಡಿ.

ಬಸ್ಸನ್ನು ಆತ ರಿಸಾಲ್ ಪಾರ್ಕ್‌ನ ಕಿರಿನೋ ಗ್ರಾಂಡ್‌ಸ್ಟ್ಯಾಂಡ್ ಎದುರು ನಿಲ್ಲಿಸಿದ. ದೇಶದ ಹೊಸ ಅಧ್ಯಕ್ಷರು ಅದೇ ಜಾಗದಲ್ಲಿ ಪ್ರಮಾಣವಚನ ತೆಗೆದುಕೊಂಡು ಇನ್ನೂ ಎರಡು ತಿಂಗಳಾಗಿರಲಿಲ್ಲ. ಸುತ್ತಲೂ ಬಯಲು. ನಾಲ್ಕೂ ಕಡೆಯಿಂದ ಎಲ್ಲರಿಗೂ ಬಸ್ಸು ಕಾಣುತ್ತದೆ, ಬಸ್ಸಿನಿಂದಲೂ ಎಲ್ಲ ಕಾಣುತ್ತದೆ. ವರ್ಷಗಟ್ಟಲೆ ಖಾಕಿ ಹಾಕಿದವನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಕೆಟ್ಟಿರದ ಹಗಲು

ಹಗಲಿನ ಕೆಲಸವನ್ನು ಯಾರೂ ಹೊಗಳುವುದಿಲ್ಲ. ನಾನು ಹೊಗಳುತ್ತೇನೆ.

ಟೂರ್ ಗೈಡ್ ಬಸ್ಸಿನೊಳಗಿಂದಲೇ ಹಾಂಗ್‌ಕಾಂಗ್‌ನ ತಮ್ಮ ಏಜೆನ್ಸಿಗೆ ಫೋನ್ ಮಾಡಿ, ಗಾಬರಿಯಾಗದೆ, ಬಸ್ಸು ಅಪಹರಣವಾಗಿದೆ ಅಂತ ತಿಳಿಸಿದರು. ಇಬ್ಬರು ಪೊಲೀಸ್ ಅಧಿಕಾರಿಗಳು ಆತನ ಜೊತೆ ಮಾತುಕತೆಗೆ ಕೂತರು. ಹಗಲೆಲ್ಲ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಒಟ್ಟು ಒಂಬತ್ತು ಜನ ಹೊರಗೆ ಬಂದರು. ವಯಸ್ಸಾದವರು, ಮಕ್ಕಳು, ಹುಷಾರಿಲ್ಲದವರು. ಬಸ್ಸಿಗೆ ಊಟ ಹೋಯಿತು. ಆತ ಕಿಟಕಿಗೆ, ಬಾಗಿಲಿಗೆ ಕೈಬರಹದ ಚೀಟಿ ಅಂಟಿಸುತ್ತಿದ್ದ. ಮಧ್ಯಾಹ್ನ ಮೂರು ಗಂಟೆಯ ಗಡುವು ಬರೆದಿದ್ದ. ಮೂರು ಗಂಟೆ ಬಂತು, ಹೋಯಿತು. ಯಾರೂ ಸಾಯಲಿಲ್ಲ.

ಇಂಥ ಕೆಲಸದಲ್ಲಿ ಪಳಗಿದವರು ಹೇಳುವುದು ಇದನ್ನೇ: ಗಡುವು ಸುಮ್ನೆ ಜಾರಿಹೋಯಿತು ಅಂದರೆ ಮಾತುಕತೆ ನಡೆಯುತ್ತಿದೆ ಅಂತ ಅರ್ಥ. ನ್ಯೂಯಾರ್ಕ್ ಪೊಲೀಸರು 1973ರಲ್ಲಿ ಒತ್ತೆಯಾಳು ಮಾತುಕತೆಗೇ ಬೇರೆ ತಂಡ ಕಟ್ಟಿದಾಗ ಅದರ ಹಿಂದಿದ್ದ ಲೆಕ್ಕವೂ ಇದೇ. ಹೊತ್ತು ಹೋದಂತೆ ಸಿಟ್ಟು ಇಳಿಯುತ್ತದೆ, ಸುಸ್ತಾಗುತ್ತದೆ, ಹಸಿವಾಗುತ್ತದೆ. ಸಮಯ ಪೊಲೀಸರ ಕಡೆಗಿರುತ್ತದೆ.

ಆದರೆ ಆ ಸಮಯದಲ್ಲಿ ಇನ್ನೊಂದು ತಂಡ ಇನ್ನೊಂದು ಕೆಲಸ ಮಾಡುತ್ತಿರಬೇಕು. ಬ್ರಿಟನ್, ಆಸ್ಟ್ರೇಲಿಯಾ ಕಡೆ ಅದಕ್ಕೆ ಎರಡು ಯೋಜನೆ ಅನ್ನುತ್ತಾರೆ. ಒಂದು, ಒಳಗೆ ಗುಂಡಿನ ಸದ್ದು ಕೇಳಿದ ತಕ್ಷಣ ನುಗ್ಗುವ ಯೋಜನೆ. ಅದು ಒರಟಾಗಿದ್ದರೂ ಸರಿ, ಆದಷ್ಟು ಬೇಗ ಸಿದ್ಧ ಇರಬೇಕು. ಎರಡನೆಯದು, ನಮಗೆ ಬೇಕಾದ ಹೊತ್ತಲ್ಲಿ, ಬೇಕಾದ ಕಡೆಯಿಂದ ನುಗ್ಗುವ ನಿಧಾನದ ಯೋಜನೆ. ಅದೇ ಮಾದರಿಯ ಇನ್ನೊಂದು ಬಸ್ಸು ತರಿಸಿ, ಮರೆಯಲ್ಲಿ ನಿಲ್ಲಿಸಿ, ಬಾಗಿಲು ಹೇಗೆ ತೆಗೆಯುತ್ತದೆ, ತುರ್ತು ಕಿಟಕಿ ಎಲ್ಲಿದೆ, ಸೀಟಿನ ಸಾಲು ಎಷ್ಟು ಅಂತ ಕೈಯಾರೆ ನೋಡಿ ಅಭ್ಯಾಸ ಮಾಡುವುದು. ಮನಿಲಾ ಪೊಲೀಸರ ಕೈಯಲ್ಲಿ ಇದಕ್ಕೆ ಒಂಬತ್ತು ಗಂಟೆ ಇತ್ತು. ರಾತ್ರಿ ಬಾಗಿಲ ಹತ್ತಿರ ನಡೆದದ್ದು ನೋಡಿದರೆ ಆ ಒಂಬತ್ತು ಗಂಟೆ ಎಲ್ಲಿ ಹೋಯಿತು ಅನಿಸುತ್ತದೆ.

ಕೆಟ್ಟ ಸಂಜೆ

ಮೊದಲ ಪೆಟ್ಟು ಒಂದು ಪತ್ರ. ಆತನ ಪ್ರಕರಣದ ಬಗ್ಗೆ ಓಂಬುಡ್ಸ್‌ಮನ್ ಕಚೇರಿಯಿಂದ ಕಾಗದ ತರಲು ಉಪಮೇಯರ್ ಹೋಗಿದ್ದರು. ಸಂಜೆ ಆರು ದಾಟಿದ ಮೇಲೆ ಅದು ಬಸ್ಸಿನ ಹತ್ತಿರ ತಲುಪಿತು. ಅದರಲ್ಲಿ ಇದ್ದದ್ದು ಇಷ್ಟೇ: ನಿಮ್ಮ ಪ್ರಕರಣವನ್ನು ಮತ್ತೆ ಪರಿಶೀಲಿಸುತ್ತೇವೆ. ಆತ ಕಸ ಅಂದ. ದಿನವಿಡೀ ಒಂದು ಕಾಗದಕ್ಕೆ ಕಾದವನಿಗೆ ಅರ್ಜಿಗೆ ಕೊಡುವ ಮಾಮೂಲಿ ಉತ್ತರ ಕೊಟ್ಟರೆ ಇನ್ನೇನಂತಾನೆ? ಕೆಲಸ ವಾಪಸ್ ಕೊಡಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಕೈಗೆ ಕೊಡುವ ಮುಂಚೆ ಮಾತುಕತೆಯ ತಂಡ ಅದನ್ನು ಓದಿ, ಆತ ಓದಿದರೆ ಏನಾಗುತ್ತದೆ ಅಂತ ಯೋಚಿಸಬೇಕಿತ್ತು. ಗುಮಾಸ್ತರ ಭಾಷೆಯ ಪತ್ರ ಎಂಥದು ಅಂತ ನಮಗೂ ಗೊತ್ತು ಅಲ್ವಾ.

ಎರಡನೆಯದು ಆತನ ತಮ್ಮ. ಇವರೂ ಪೊಲೀಸ್. ಅಣ್ಣನ ಮನವೊಲಿಸಲಿ ಅಂತ ಇವರನ್ನು ಬಸ್ಸಿನ ಹತ್ತಿರ ಬಿಟ್ಟರು. ಮನೆಯವರನ್ನು ಮಾತುಕತೆಗೆ ತರುವುದು ತುಂಬ ಸಲ ತಿರುಗುಬಾಣ. ಹೊರಗಿನವರಿಗೆ ಕಾಣದ ಎಷ್ಟೋ ಹಳೆ ಲೆಕ್ಕ ಅವರ ನಡುವೆ ಇರುತ್ತದೆ. ಇಲ್ಲಿ ತಮ್ಮ ಬಂದೂಕು ಇಟ್ಟುಕೊಂಡೇ ಬಂದಿದ್ದರು. ಪೊಲೀಸರು ಅದನ್ನು ಕಿತ್ತುಕೊಂಡಿದ್ದು ದೊಡ್ಡ ಜಗಳವಾಯಿತು. ಸಮಾಧಾನ ಮಾಡಲು ಬಂದವರೇ ಬೆಂಕಿಗೆ ತುಪ್ಪ ಸುರಿದರು. ಇವರನ್ನು ಬಂಧಿಸಿ ಅಂತ ಆದೇಶ ಬಂತು.

ತಮ್ಮ ಕೂಗಾಡಿದರು, ಮನೆಯವರು ಅತ್ತರು, ಪೊಲೀಸರು ಅವರನ್ನು ಎಳೆದು ಎತ್ತಿಕೊಂಡು ಹೋದರು. ಸುತ್ತ ಕ್ಯಾಮೆರಾಗಳು. ಒಂದೊಂದು ಚಾನೆಲ್ಲೂ ನೇರಪ್ರಸಾರ ಮಾಡಿತು.

ಬಸ್ಸಿನೊಳಗೆ ಟಿ.ವಿ. ಇತ್ತು.

ಟೂರಿಸ್ಟ್ ಬಸ್ಸು ಅಂದ ಮೇಲೆ ಟಿ.ವಿ. ಇದ್ದೇ ಇರುತ್ತದೆ. ಮಾರ್ಗದಲ್ಲಿ ಸಿನಿಮಾ ಹಾಕುವುದಕ್ಕೆ. ಆತ ದಿನವಿಡೀ ಅದರಲ್ಲಿ ತನ್ನದೇ ಸುದ್ದಿ ನೋಡುತ್ತಿದ್ದ. ಪೊಲೀಸರು ಎಲ್ಲಿ ಅಡಗಿದ್ದಾರೆ, ಯಾವ ಕಡೆಯಿಂದ ಬರುತ್ತಿದ್ದಾರೆ, ಎಲ್ಲ ಕಾಣುತ್ತಿತ್ತು. ಈಗ ತಮ್ಮನನ್ನು ಎಳೆದುಕೊಂಡು ಹೋಗುವುದನ್ನೂ ಕಂಡ. ಅದೇ ಹೊತ್ತಿಗೆ ಒಂದು ರೇಡಿಯೋ ಕೇಂದ್ರ ಆತನ ಜೊತೆ ಫೋನಿನಲ್ಲಿ ಸಂದರ್ಶನ ನಡೆಸುತ್ತಿತ್ತು. ತಮ್ಮನನ್ನು ಬಿಡದಿದ್ದರೆ ಒಳಗಿರುವವರನ್ನು ಕೊಲ್ಲುತ್ತೇನೆ ಅಂತ ಆತ ರೇಡಿಯೋದಲ್ಲೇ ಹೇಳಿದ. ಫೋನ್ ಲೈನ್ ರೇಡಿಯೋದವರ ಜೊತೆ ಇದ್ದಾಗ ಪೊಲೀಸರು ಯಾರ ಜೊತೆ ಮಾತಾಡುತ್ತಾರೆ?

ಆ ಬಸ್ಸಿನ ಟಿ.ವಿ. ಬಗ್ಗೆ ಬೆಳಿಗ್ಗೆ ಹತ್ತೂವರೆಗೆ ಯಾರಾದರೂ ಕೇಳಿದ್ದರೆ ಏನು ಮಾಡಬಹುದಿತ್ತು? ಚಾನೆಲ್‌ಗಳನ್ನು ದೂರ ಸರಿಸಬಹುದಿತ್ತು. ಬಂಧನವನ್ನು ಕ್ಯಾಮೆರಾ ಕಾಣದ ಕಡೆ, ಒಂದು ಗಂಟೆ ತಡವಾಗಿ ಮಾಡಬಹುದಿತ್ತು. ಇದಕ್ಕೆ ಹೊಸ ಆಯುಧ ಬೇಡ, ಬಜೆಟ್ ಬೇಡ. ಬಿಡುಗಡೆಯಾದ ಒಂಬತ್ತು ಜನ ಹೊರಗೆ ಇದ್ದರು. ಅವರ ಹತ್ತಿರ ಕೂತು 'ಒಳಗೆ ಏನೇನಿದೆ, ಆತ ಎಲ್ಲಿ ಕೂರುತ್ತಾನೆ, ಏನು ನೋಡುತ್ತಾನೆ' ಅಂತ ಕೇಳುವುದೂ ತರಬೇತಿಯ ಭಾಗವೇ.

ಮೂರನೆಯದು, ಯಜಮಾನ ಯಾರು ಅನ್ನುವುದು. ನಿರ್ಧಾರದ ಹೊಣೆ ಮೇಯರ್ ಮುಖ್ಯಸ್ಥರಾಗಿದ್ದ ಸಮಿತಿಯದು, ಸ್ಥಳದ ಹೊಣೆ ನಗರದ ಪೊಲೀಸ್ ಮುಖ್ಯಸ್ಥರದು. ತಮ್ಮನನ್ನು ಬಂಧಿಸುವ ಮಾತು ಮುಗಿದ ಮೇಲೆ ಇಬ್ಬರೂ ಹತ್ತಿರದ ಹೋಟೆಲಿಗೆ ಊಟಕ್ಕೆ ಹೋದರು. ಆಮೇಲೆ ಸರ್ಕಾರ ನೇಮಿಸಿದ ಪರಿಶೀಲನಾ ಸಮಿತಿ ಇದನ್ನೇ ಎತ್ತಿ ಹೇಳಿತು. ಹನ್ನೊಂದು ಗಂಟೆಯ ಕೆಲಸದಲ್ಲಿ ಯಾರಾದರೂ ಊಟ ಮಾಡಲೇಬೇಕು, ಅದು ತಪ್ಪಲ್ಲ. ಆದರೆ ಎದ್ದು ಹೋಗುವಾಗ 'ನಾನು ಬರುವತನಕ ನೀನು' ಅಂತ ಒಬ್ಬರ ಹೆಗಲಿಗೆ ಹಾಕಿ ಹೋಗಬೇಕಲ್ಲ.

ಏಳು ಇಪ್ಪತ್ತರಿಂದ ಎಂಟು ನಲವತ್ತು

ಸಂಜೆ ಏಳು ಇಪ್ಪತ್ತರ ಸುಮಾರಿಗೆ ಒಳಗಿಂದ ಗುಂಡಿನ ಸದ್ದು ಕೇಳಿತು. ಬೆಳಿಗ್ಗೆ ಅಷ್ಟು ಸಮಾಧಾನದಿಂದ ಫೋನ್ ಮಾಡಿದ್ದ ಟೂರ್ ಗೈಡ್ ಸತ್ತರು. ಅವರ ಕೈಗೆ ಕೋಳ ಹಾಕಿ ಬಾಗಿಲ ಹತ್ತಿರ ಕಟ್ಟಲಾಗಿತ್ತು. ಅಷ್ಟರಲ್ಲಿ ಡ್ರೈವರ್ ಕಿಟಕಿಯಿಂದ ಹಾರಿ ಓಡಿ ಬಂದರು. ಎಲ್ಲರೂ ಸತ್ತರು ಅಂತ ಕೂಗಿದರು.

ಆ ಮಾತು ಸುಳ್ಳಾಗಿತ್ತು. ಡ್ರೈವರ್ ಬೇಕಂತ ಸುಳ್ಳು ಹೇಳಿದವರಲ್ಲ. ಗುಂಡಿನ ಸದ್ದಿನ ನಡುವೆ ಹಾರಿ ಬಂದವರಿಗೆ ಹಿಂದಿನ ಸೀಟು ಕಾಣುತ್ತದೆಯೇ? ಆದರೆ ಪೊಲೀಸರಿಗೆ ಅದೊಂದು ಮಾತು ಸಾಕಾಯಿತು. ಎಲ್ಲ ಸತ್ತ ಮೇಲೆ ಅವಸರ ಏಕೆ? ಒಳಗೆ ಜನ ಸೀಟಿನ ಕೆಳಗೆ, ಒಬ್ಬರ ಮೇಲೊಬ್ಬರು ಮಲಗಿ ಇನ್ನೂ ಉಸಿರಾಡುತ್ತಿದ್ದರು.

ಇನ್ನು ಗಾಜಿನ ವಿಷಯಕ್ಕೆ ಬರೋಣ. ಬಸ್ಸಿನ ಮುಂದಿನ ಗಾಜು ಸಾಮಾನ್ಯವಾಗಿ ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಎಷ್ಟು ಬಡಿದರೂ ಜೇಡರ ಬಲೆಯಂತೆ ಬಿರುಕು ಬಿಟ್ಟು ಅಲ್ಲೇ ನಿಲ್ಲುತ್ತದೆ. ಪಕ್ಕದ ಗಾಜು ಕಾಯಿಸಿ ಗಟ್ಟಿ ಮಾಡಿದ ಟೆಂಪರ್ಡ್ ಗಾಜು. ನಡುಮಧ್ಯೆ ಅದಕ್ಕೆ ಬಲ ಜಾಸ್ತಿ, ಮೂಲೆಯಲ್ಲಿ ಕಡಿಮೆ. ಚೂಪು ಮೊನೆಯ ಚಿಕ್ಕ ಸಾಧನದಿಂದ ಮೂಲೆಗೆ ಒಂದು ಏಟು ಕೊಟ್ಟರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಕಪ್ಪು ಫಿಲ್ಮ್ ಅಂಟಿಸಿದ್ದರೆ ಆ ಪುಡಿಯೂ ಉದುರದೆ ನಿಲ್ಲುತ್ತದೆ, ಆಗ ಕೊಕ್ಕೆಯಿಂದ ಎಳೆದು ಕೆಡವಬೇಕು. ಟೂರಿಸ್ಟ್ ಬಸ್ಸಿನ ಕಿಟಕಿ ನೆಲದಿಂದ ಆಳೆತ್ತರದಲ್ಲಿದೆ. ನೆಲದ ಮೇಲೆ ನಿಂತು ಭಾರದ ಸುತ್ತಿಗೆಯನ್ನು ತಲೆಯ ಮೇಲಕ್ಕೆ ಎತ್ತಿ ಬಡಿದರೆ ಏಟಿಗೆ ಬಲವೇ ಬರುವುದಿಲ್ಲ. ಅದಕ್ಕೇ ಇದನ್ನು ಕಲಿತ ತಂಡಗಳು ಏಣಿ, ಮೆಟ್ಟಿಲು ಹೊತ್ತೇ ಬರುತ್ತವೆ. ಎರಡೂ ಕಡೆ ಒಂದೇ ಕ್ಷಣಕ್ಕೆ ನಾಲ್ಕೈದು ಕಿಟಕಿ ಒಡೆಯುತ್ತವೆ. ಕಣ್ಣು ಕೋರೈಸುವ ಗ್ರೆನೇಡ್ ಹಾಕಿ, ಒಳಗಿನವನಿಗೆ ಯಾವ ಕಡೆ ತಿರುಗಬೇಕು ಅಂತ ತಿಳಿಯುವ ಮುಂಚೆ ಕೆಲಸ ಮುಗಿಸುತ್ತವೆ.

ಮನಿಲಾದಲ್ಲಿ ಕಿಟಕಿಗಳು ಒಂದಾದ ಮೇಲೆ ಒಂದು ಒಡೆದವು. ಪರದೆಗಳು ಮುಚ್ಚಿದ್ದವು, ಒಳಗೆ ಏನೂ ಕಾಣುತ್ತಿರಲಿಲ್ಲ. ಒಳಗಿನವನಿಗೆ ಪ್ರತಿ ಏಟಿನ ಸದ್ದೂ ಕೇಳುತ್ತಿತ್ತು. ಹಿಂದಿನಿಂದ ನುಗ್ಗಲು ಹೋದವರು ಗುಂಡು ಬಂದ ಕೂಡಲೇ ಹೊರಗೆ ಬಂದರು. ಮಳೆ ಬೇರೆ. ಎಂಟೂವರೆ ಸುಮಾರಿಗೆ ಒಳಗೆ ಅಶ್ರುವಾಯು ಎಸೆದರು. ಗುಂಡು ಹಾರಿಸುವವನ ಕಣ್ಣು ಉರಿದರೆ, ಸೀಟಿನ ಕೆಳಗೆ ಮಲಗಿದವರ ಕಣ್ಣೂ ಉರಿಯುತ್ತದೆ, ಉಸಿರೂ ಕಟ್ಟುತ್ತದೆ. ಎಂಟು ನಲವತ್ತರ ಸುಮಾರಿಗೆ ಆತ ಗುಂಡೇಟಿಗೆ ಸತ್ತ.

ಟೂರ್ ಗೈಡ್ ಸೇರಿ ಹಾಂಗ್‌ಕಾಂಗ್‌ನ ಎಂಟು ಜನ ಸತ್ತರು. ಮೊದಲ ಗುಂಡಿಗೂ ಕೊನೆಯ ಗುಂಡಿಗೂ ನಡುವೆ ಒಂದು ಗಂಟೆ ಇಪ್ಪತ್ತು ನಿಮಿಷ. ಅವರಲ್ಲಿ ಎಷ್ಟು ಜನರನ್ನು ಉಳಿಸಬಹುದಿತ್ತು ಅಂತ ಲೆಕ್ಕ ಹಾಕಲು ನನಗೆ ಧೈರ್ಯ ಇಲ್ಲ.

ಆಮೇಲೆ

ಹಾಂಗ್‌ಕಾಂಗ್‌ನಲ್ಲಿ ಬಾವುಟ ಅರ್ಧಕ್ಕೆ ಇಳಿಯಿತು. ಫಿಲಿಪ್ಪೀನ್ಸ್‌ಗೆ ಹೋಗಬೇಡಿ ಅನ್ನುವ ಎಚ್ಚರಿಕೆಯನ್ನು ಅವರು ವಾಪಸ್ ತೆಗೆದದ್ದು 2014ರಲ್ಲಿ. ಘಟನೆ ಮುಗಿದ ಮೇಲೆ ಅದೇ ಬಸ್ಸಿನ ಮುಂದೆ ನಿಂತು ಕೆಲವರು, ಪೊಲೀಸರೂ ಸೇರಿ, ಫೋಟೋ ತೆಗೆಸಿಕೊಂಡಿದ್ದು ಗಾಯದ ಮೇಲೆ ಬರೆ ಎಳೆಯಿತು. ಪೊಲೀಸ್ ಮುಖ್ಯಸ್ಥರು ಹುದ್ದೆ ಬಿಟ್ಟರು. ಯೋಜನೆ, ತರಬೇತಿ, ಸಲಕರಣೆ ಮೂರರಲ್ಲೂ ಕೊರತೆ ಇತ್ತು ಅಂತ ಇಲಾಖೆಯೇ ಒಪ್ಪಿಕೊಂಡಿತು. ದೇಶದಲ್ಲಿ ಇದಕ್ಕಿಂತ ಚೆನ್ನಾಗಿ ತಯಾರಾದ ವಿಶೇಷ ಪಡೆಗಳಿದ್ದವು. ಆದರೂ ಬಸ್ಸಿಗೆ ನುಗ್ಗಿದ್ದು ನಗರ ಪೊಲೀಸರ ತಂಡವೇ.

ಸಲಕರಣೆ ಕೊಟ್ಟರೆ ಸಾಕು ಅನ್ನುವವರಿಗೆ ನಾನು ಅಮೆರಿಕದ ಯುವಾಲ್ಡಿ ತೋರಿಸುತ್ತೇನೆ. 2022ರ ಮೇ 24, ಟೆಕ್ಸಸ್‌ನ ಒಂದು ಪ್ರಾಥಮಿಕ ಶಾಲೆ. ಬಂದ ಪೊಲೀಸರು 376. ರೈಫಲ್ ಇತ್ತು, ಗುರಾಣಿ ಇತ್ತು. ಆದರೂ ತರಗತಿಯೊಳಗೆ ಹೋಗಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಲ್ಲೂ 'ಈಗ ಯಾರು ಹೇಳಬೇಕು' ಅನ್ನುವ ಪ್ರಶ್ನೆಗೆ ಉತ್ತರ ಇರಲಿಲ್ಲ. 2014ರಲ್ಲಿ ಸಿಡ್ನಿಯ ಕೆಫೆಯೊಂದರಲ್ಲಿ ತಕ್ಷಣದ ಯೋಜನೆ ಸಿದ್ಧವೇ ಇತ್ತು. ಆದರೂ ಬಂದೂಕುಧಾರಿ ಮೊದಲ ಗುಂಡು ಹಾರಿಸಿ ಹತ್ತು ನಿಮಿಷ ಕಳೆದ ಮೇಲೆ, ಒಬ್ಬ ಒತ್ತೆಯಾಳನ್ನು ಕೊಂದ ನಂತರವೇ ಪೊಲೀಸರು ನುಗ್ಗಿದರು. ಮಾತಿನಿಂದ ಕ್ರಿಯೆಗೆ ದಾಟುವ ಆ ಹೊಸ್ತಿಲು ಎಲ್ಲ ಕಡೆ ಎಡವಿಸುತ್ತದೆ.

ನಮ್ಮ ಕಡೆ

ಟಿ.ವಿ. ಪಾಠವನ್ನು ನಾವು ಮನಿಲಾಕ್ಕಿಂತ ಎರಡು ವರ್ಷ ಮೊದಲೇ, 2008ರ ನವೆಂಬರ್‌ನಲ್ಲಿ ಮುಂಬೈಯಲ್ಲಿ ಕಲಿತೆವು. ಗಡಿಯಾಚೆ ಕೂತವರು ನೇರಪ್ರಸಾರ ನೋಡಿಕೊಂಡು ಹೋಟೆಲಿನೊಳಗಿದ್ದವರಿಗೆ ಫೋನಿನಲ್ಲಿ ಸೂಚನೆ ಕೊಟ್ಟರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚಾನೆಲ್‌ಗಳನ್ನು ತರಾಟೆಗೆ ತೆಗೆದುಕೊಂಡಿತು. 2015ರಲ್ಲಿ ಕೇಬಲ್ ಟಿ.ವಿ. ನಿಯಮಕ್ಕೆ ತಿದ್ದುಪಡಿ ಬಂತು: ಉಗ್ರರ ವಿರುದ್ಧದ ಕಾರ್ಯಾಚರಣೆಯ ನೇರಪ್ರಸಾರ ಮಾಡುವಂತಿಲ್ಲ, ನೇಮಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟೇ ಹೇಳಬೇಕು. ಒಳ್ಳೆಯದೇ. ಆದರೆ ಮನಿಲಾದ ಆತ ಉಗ್ರನಲ್ಲ, ಕೆಲಸ ಹೋದ ಸಿಟ್ಟಿನ ಮಾಜಿ ಪೊಲೀಸ್. ಅಂಥವನೊಬ್ಬ ನಾಳೆ ನಮ್ಮಲ್ಲೇ ಒಂದು ಬಸ್ಸು ಹತ್ತಿದರೆ ಆ ನಿಯಮ ಹಿಡಿಯುತ್ತದೆಯೇ? ಇನ್ನು ರಸ್ತೆ ಬದಿಯಲ್ಲಿ ಮೊಬೈಲ್ ಎತ್ತಿ ಲೈವ್ ಹಾಕುವ ಹುಡುಗನಿಗೆ ಕೇಬಲ್ ನಿಯಮ ಯಾವ ಲೆಕ್ಕ?

ಕರ್ನಾಟಕದಲ್ಲಿ 26/11ರ (ಆ ಮುಂಬೈ ದಾಳಿಯ) ನಂತರ ಉಗ್ರರನ್ನು ಎದುರಿಸಲೆಂದು ಕಟ್ಟಿದ ಗರುಡ ಪಡೆ ಬೆಂಗಳೂರಿನಲ್ಲಿದೆ. ಬೀದರ್‌ಗೆ ಅಲ್ಲಿಂದ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್. ಅವರು ಬರುವತನಕ ಬಸ್ಸಿನ ಎದುರು ನಿಲ್ಲುವವರು ಠಾಣೆಯ ಪಿ.ಎಸ್.ಐ., ನಾಲ್ಕು ಕಾನ್‌ಸ್ಟೇಬಲ್‌ಗಳು, ಆಮೇಲೆ ಜಿಲ್ಲಾ ಸಶಸ್ತ್ರ ಪಡೆ (ಡಿ.ಎ.ಆರ್.). ಜನರನ್ನು ದೂರ ಸರಿಸುವುದು, ಒಬ್ಬರೇ ಮಾತಾಡುವುದು, ಬಂಧುಗಳನ್ನು ಹತ್ತಿರ ಬಿಡದಿರುವುದು, ಫೋನ್ ಲೈನ್ ಕೈಯಲ್ಲಿ ಇಟ್ಟುಕೊಳ್ಳುವುದು, ಹೊರಬಂದವರನ್ನು ಕೂರಿಸಿ ಕೇಳುವುದು. ಇವೆಲ್ಲ ಆ ಪಿ.ಎಸ್.ಐ. ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಆಗುವುದಿಲ್ಲ.

ನನಗೆ ಅನಿಸುವುದು ದೊಡ್ಡ ಖರ್ಚಿನ ಮಾತಲ್ಲ. ಗುಜರಿಗೆ ಹೋಗುವ ಹಳೆ ಸಾರಿಗೆ ಬಸ್ಸು ಒಂದೊಂದು ಜಿಲ್ಲೆಯ ಡಿ.ಎ.ಆರ್. ಮೈದಾನಕ್ಕೆ ಬರಲಿ. ವರ್ಷಕ್ಕೆ ಎರಡು ಸಲ ಅದರ ಸುತ್ತ ಅಭ್ಯಾಸ ನಡೆಯಲಿ. ಒಬ್ಬರು ಆತನ ಪಾತ್ರ ಮಾಡಲಿ, ಒಬ್ಬರು ಅಳುವ ತಮ್ಮನ ಪಾತ್ರ, ಒಬ್ಬರು ಮೈಕ್ ಹಿಡಿದು ನುಗ್ಗುವ ವರದಿಗಾರನ ಪಾತ್ರ. ಊಟದ ಹೊತ್ತಿಗೆ ಎಸ್.ಪಿ. ಸಾಹೇಬರನ್ನು ಬೇಕಂತಲೇ ಅಲ್ಲಿಂದ ಕಳುಹಿಸಿ, ಆಗಲೇ ಒಳಗೆ ಪಟಾಕಿ ಹೊಡೆಯಲಿ. ಯಾರು ಮುಂದೆ ಬರುತ್ತಾರೆ ಅಂತ ನೋಡಬೇಕು. ಕಿಟಕಿಗೆ ಸುತ್ತಿಗೆ ಕೊಟ್ಟು ಒಮ್ಮೆ, ಚೂಪು ಮೊನೆಯ ಸಾಧನ ಕೊಟ್ಟು ಒಮ್ಮೆ ಒಡೆಸಬೇಕು. ಮತ್ತೆ ಡ್ರೈವರ್ ಸೀಟಿನ ಹಿಂದೆ ಒಂದು ಟಿ.ವಿ. ಕಟ್ಟಿ, ಯಾರಿಗೂ ಹೇಳದೆ ಅದನ್ನು ಆನ್ ಮಾಡಿ ಇಟ್ಟಿರಬೇಕು.